ಒಲಿ ಮುಂದ ಕುಂತು ಕೇಳಿದ ಮೊಗ್ಲಿ

ಅಕ್ಕಗೋಳೆ, ತಂಗಿಗೋಳೆ, 1993-94ರ ಸುಮಾರಿಗೆ ನೀವು ಸಣ್ಣೋರಿದ್ರ ಐತಾರ ಮುಂಜಾನಿ ಅಂದ ಕೂಡ್ಲೇ ಮೊಗ್ಲಿ ನೆನಪಾಗ್ತಾನ. ತೋಳದ ಮನ್ಯಾಗ ಬೆಳದ ಹುಡುಗ, ಬಾಲು ಕರಡಿ, ಬಘೀರಾ, ಶೇರ್‌ಖಾನ್. ನಮ್ಮ ಅಣ್ಣದೇರಿಗೆ ಈ ನೆನಪು ಕಣ್ಣಾಗ ಅದ. ನಂಗ, ಮತ್ತ ನಿಮ್ಮೊಳಗ ಭಾಳ ಮಂದಿಗೆ, ಕಿವ್ಯಾಗ ಅದ. ಯಾಕಂದ್ರ ಅದು ಕಸಾ ಹೊಡಿಯೋ ಹೊತ್ತು, ಅಂಗಳ ಸಾರ್ಸೋ ಹೊತ್ತು, ರೊಟ್ಟಿ ಬಡಿಯೋ ಹೊತ್ತು. ಪಡಸಾಲ್ಯಾಗ ಹುಡುಗರು ಟಿವಿ ಮುಂದ, ಒಳಗ ನಾವು ಒಲಿ ಮುಂದ. ಹಾಡು ಕೇಳ್ತಿತ್ತು, ಹುಲಿ ದನಿ ಕೇಳ್ತಿತ್ತು. ನೀರು ತರೋ ನೆಪ ಮಾಡಿ ಹೊರಗ ಬಂದಾಗ ಒಂದೀಟು ಚಿತ್ರ ಸಿಗ್ತಿತ್ತು, ಅಷ್ಟೇ.

ಈ ವರ್ಷ ಮಗಳ ಮೊಬೈಲಿನ್ಯಾಗ ಅದನ್ನ ಮೊದಲಿಂದ ಕೊನಿತನ ನೋಡಿದೆ. ಒಟ್ಟು 52 ಕಂತು. ನೋಡ್ತಾ ನೋಡ್ತಾ, ಈ ಕತಿ ನಮ್ಮ ಮನಿತನ ಎಷ್ಟು ಕೈ ದಾಟಿ ಬಂದಿತ್ತಲ್ಲಾ ಅಂತ ಅನಿಸ್ತು.

ಮೊದ್ಲ ಟಿವಿ ಕತಿ ಹೇಳ್ತೀನಿ. ಬೆಂಗಳೂರಿನ ಮಂದಿಗೆ ಹೇಳಿದ್ರ ನಂಬಲ್ಲ, ಅವ್ರಿಗಿಂತ ಮೊದ್ಲ ಟಿವಿ ಬಂದಿದ್ದು ನಮ್ಮ ಸೀಮಿಗೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕಾದ ನಾಸಾದವರ ಉಪಗ್ರಹ ಕಡ ತಗೊಂಡು (ಬಾಜು ಮನಿಯಿಂದ ಶ್ಯಾವಿಗಿ ಮಷೀನ್ ತಂದಂಗ ಅನ್ರಿ) ನಮ್ಮ ಇಸ್ರೋದವರು ಆರು ರಾಜ್ಯದ ಸುಮಾರು 2400 ಹಳ್ಳಿಗೆ ಟಿವಿ ತೋರಿಸಿದ್ರು. ಕರ್ನಾಟಕದಾಗ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲಾಗೋಳನ್ನ. ಆಗ ನಮ್ಮ ಯಾದಗಿರಿ ಗುಲ್ಬರ್ಗಾ ಜಿಲ್ಲಾದಾಗೇ ಇತ್ತು, ಬ್ಯಾರೆ ಜಿಲ್ಲಾ ಆಗಿದ್ದು 2009ರ ಕೊನಿಗೆ. ಜಾಳಗಿ ತಂತಿದು ದೊಡ್ಡ ಛತ್ರಿಯಂಥ ಆಂಟೆನಾ, ಊರಿಗೆಲ್ಲ ಒಂದೇ ಟಿವಿ. ಮುಂಜಾನಿ ಸಾಲಿ ಹುಡುಗರಿಗೆ, ಸಂಜಿಕ ಒಕ್ಕಲುತನದವರಿಗೆ. ವರ್ಷ ತುಂಬಿದ ಮ್ಯಾಲ ಕಡ ತಂದಿದ್ದು ವಾಪಸ್ ಹೋಯ್ತು. 1977ರಾಗ ಗುಲ್ಬರ್ಗಾಕ್ಕ ದೂರದರ್ಶನ ಕೇಂದ್ರ ಆಯ್ತು. ಬೆಂಗಳೂರಿಗೆ ಆಗಿದ್ದು 1981ರಾಗ.

ನಮ್ಮ ಓಣಿಗೆ ಟಿವಿ ಬರೋ ಹೊತ್ತಿಗೆ ಎಲ್ಲಾ ದಿಲ್ಲಿಯಿಂದ ಹಿಂದಿಯಾಗೇ ಬರ್ತಿತ್ತು. ಮೊಗ್ಲಿನೂ ಹಿಂದಿಯಾಗೇ. ಮಾಳಗಿ ಮ್ಯಾಲ ಒಬ್ಬ ಆಂಟೆನಾ ತಿರುಗಿಸ್ತಿದ್ದ, ಕೆಳಗಿನವರು “ಬಂತು, ಬಂತು, ಹೋಯ್ತಲೇ!” ಅಂತ ಒದರ್ತಿದ್ರು. ಅಷ್ಟೆಲ್ಲಾ ಮಾಡಿ ಚಿತ್ರ ನಿಂತ್ರ, ಮಾತು ತಿಳಿಯಬೇಕಲ್ಲ?

ಅದಕ್ಕ ನಮ್ಮ ಮನ್ಯಾಗ ಮುತ್ಯಾ ಇದ್ದ. ಮುತ್ಯಾ ನಿಜಾಮನ ಕಾಲದಾಗ ಸಾಲಿ ಕಲ್ತಾಂವ. 1948ರ ಸೆಪ್ಟೆಂಬರ್‌ತನ ನಮ್ಮ ಭಾಗ ಹೈದ್ರಾಬಾದ್ ಸಂಸ್ಥಾನದಾಗ ಇತ್ತು, ಕಚೇರಿ ಮಾತು ಉರ್ದು, ಸಾಲಿ ಮಾತೂ ಉರ್ದು. 1956ಕ್ಕ ಮೈಸೂರು ರಾಜ್ಯ ಸೇರಿದ್ವಿ, ಆಮ್ಯಾಲ ಆ ಉರ್ದು ಯಾವ ಕೆಲಸಕ್ಕೂ ಬೇಕಾಗಲಿಲ್ಲ. ಮುತ್ಯಾ ಹಳಿ ಪಹಣಿ ಓದಿ ಹೇಳಾಕ ಮಾತ್ರ ಅದನ್ನ ಇಟ್ಕೊಂಡಿದ್ದ. ನಲವತ್ತು ವರ್ಷ ಆದ ಮ್ಯಾಲ ಮೊಗ್ಲಿ ಬಂದು ಆ ಉರ್ದುಗ ಕೆಲಸ ಕೊಟ್ಟ! ಶೇರ್‌ಖಾನ್ ಒಂದು ಮಾತು ಅಂದ್ರ ಮುತ್ಯಾ ನಮ್ಮ ಮಾತಿನ್ಯಾಗ ನಾಲ್ಕು ಹೇಳ್ತಿದ್ದ. ಆ ಹುಲಿ ದನಿ ನಾನಾ ಪಾಟೇಕರನದು ಅಂತ ನಂಗ ಗೊತ್ತಾಗಿದ್ದು ಎಷ್ಟೋ ವರ್ಷದ ಮ್ಯಾಲ. ನನ್ನ ಪಾಲಿಗೆ ಶೇರ್‌ಖಾನ್ ಅಂದ್ರ ತಂಬಾಕು ಬಾಯಾಗ ಇಟ್ಕೊಂಡ ಮುತ್ಯಾ. ಒಳಗಿದ್ದ ನಮಗೂ ಕೇಳ್ಲಿ ಅಂತ ಬೇಕಂತ್ಲೇ ಗಟ್ಟಿ ಹೇಳ್ತಿದ್ದ ಅಂತ ಈಗ ಅನಸ್ತದ.

ಕತಿ ಬರದ ರುಡ್ಯಾರ್ಡ್ ಕಿಪ್ಲಿಂಗ್ ಇಂಗ್ರೇಜಿಯಾಂವ, ಹುಟ್ಟಿದ್ದು 1865ರಾಗ ಮುಂಬೈದಾಗ. ಎತ್ತಿ ಆಡಿಸಿದಾಕಿ ಇಲ್ಲಿಯವಳೇ ಒಬ್ಬ ಆಯಾ. ಸಣ್ಣಂದಿರತ ಅವನ ಬಾಯಿಗೆ ಅವ್ವನ ಇಂಗ್ಲಿಷಿಗಿಂತ ಹಿಂದೂಸ್ತಾನಿನೇ ಹಗೂರ ಬರ್ತಿತ್ತು. ಆರು ವರ್ಷ ತುಂಬೋದ್ರಾಗ ಅವನನ್ನ ತಂಗಿ ಜೋಡಿ ಇಂಗ್ಲೆಂಡಿಗೆ ಒಯ್ದು, ಗುರ್ತಿಲ್ಲದವರ ಮನ್ಯಾಗ ರೊಕ್ಕ ಕೊಟ್ಟು ಬಿಟ್ಟು ಬಂದ್ರು. ಆ ಮನಿ ಹೆಣಮಗಳು ಭಾಳ ಕಾಡಿದಳಂತ ಅವನೇ ಮುಂದ ಬರಕೊಂಡಾನ. ಈ ಸಂಗತಿ ಓದಿದ ಮ್ಯಾಲ ಮೊಗ್ಲಿ ಕತಿ ನಂಗ ಬ್ಯಾರೇನೇ ಕಾಣ್ಲಿಕ್ಕತ್ತು. 1894ರಾಗ ಪುಸ್ತಕ ಬಂತು, ಬರದಿದ್ದು ಅಮೆರಿಕಾದಾಗ ಕುಂತು, ಕಾಡು ಮಾತ್ರ ನಮ್ಮ ಮಧ್ಯಪ್ರದೇಶದ ಸಿವನಿ ಕಡಿದು. ಅದನ್ನ ಕಾರ್ಟೂನು ಮಾಡಿದೋರು ಜಪಾನಿನವರು, 1989-90ರಾಗ. ದೂರದರ್ಶನದವರು ತಂದು ಹಿಂದಿ ಮಾತು ಕೂಡಿಸಿದ್ರು. ಹಾಡು ಗುಲ್ಜಾರರದು, ಸಂಗೀತ ವಿಶಾಲ್ ಭಾರದ್ವಾಜರದು. ಜಪಾನಿನವರು ಒಂದು ಕೆಂಪು ಪಾಂಡಾ ಮರಿನೂ ಸೇರಿಸ್ಯಾರ, ಹೆಸರು ಕಿಚಿ. ಪಾಪ, ಅದು ಹಿಮಾಲಯದ ಥಂಡಿಯಾಗ ಇರೋ ಪ್ರಾಣಿ, ಸಿವನಿ ಬಿಸಲಾಗ ಹ್ಯಾಂಗ ತಡಕೊಂಡೀತು! ಆದ್ರ ನನ್ನ ಮಗಳಿಗೆ ಎಲ್ಲಾರಕಿಂತ ಅದೇ ಸೇರ್ತದ.

ಈಗ ಪೂರ್ತಿ ನೋಡಿದಾಗ ನಂಗ ಹಿಡದಿದ್ದು ಮೊಗ್ಲಿ ಅಲ್ಲ, ಹುಲಿನೂ ಅಲ್ಲ, ಆ ತಾಯಿ ತೋಳ. ಕಾರ್ಟೂನಿನ್ಯಾಗ ಆಕಿ ಹೆಸರು ಲೂರಿ, ಪುಸ್ತಕದಾಗ ರಕ್ಷಾ. ಅಣ್ಣದೇರ ಬಾಯಾಗ ಆಕಿ ಹೆಸರು ಒಂದು ದಿನಾನೂ ಕೇಳಿದ್ದಿಲ್ಲ, ಆಟ ಆಡುವಾಗ ಯಾರೂ “ನಾ ಲೂರಿ ಆಗ್ತೀನಿ” ಅಂದಿದ್ದಿಲ್ಲ. ಪುಸ್ತಕದಾಗ ಹುಲಿ ಗವಿ ಬಾಗಲಕ್ಕ ಬಂದು “ಆ ಕೂಸು ನಂದು, ಕೊಡ್ರಿ” ಅಂದಾಗ ಮುಂದ ನಿಂತು ಜವಾಬು ಕೊಡಾಕಿ ಆಕಿ. ಗಂಡ ತೋಳ ಬೆರಗಾಗಿ ನೋಡ್ಕೋತ ನಿಂದರ್ತದ. ಊರ ಕಟ್ಟಿ ಪಂಚಾಯ್ತಿ ಇದ್ದಂಗ ಬಂಡಿ ಮ್ಯಾಲ ತೋಳಗೋಳ ಸಭಾ ಕೂಡಿ, ಈ ಮನಸ್ಯಾರ ಮರಿಗೆ ಜಾಗಾ ಕೊಡಬೇಕೋ ಬ್ಯಾಡೋ ಅಂತ ಕೇಳ್ತಾವ. ಕರಡಿ ಪರವಾಗಿ ಮಾತಾಡ್ತದ, ಬಘೀರಾ ಒಂದು ಹೋರಿ ಬೆಲಿ ಕೊಡ್ತದ. ತಾಯಿ ಮಾತ್ರ ತನ್ನ ಜೀವಾನೇ ಒತ್ತಿ ಇಡಾಕ ತಯಾರಾಗಿ ನಿಂತಿರ್ತಾಳ. ಮುಂದ ಊರಾಗ ಮೆಸುವಾ ಅನ್ನಾಕಿ ಸಿಗ್ತಾಳ, ಆಕಿ ಮಗನ್ನ ಹುಲಿ ಒಯ್ದಿರ್ತದ. ಗುರ್ತಿಲ್ಲದ ಹುಡುಗನಿಗೆ ಹಾಲು ಕೊಡ್ತಾಳ. ಅದೇ ತಪ್ಪಾಗಿ ಊರಿನವರು ಆಕಿಗೆ ಮಾಟಗಾತಿ ಅಂತಾರ, ಕಟ್ಟಿ ಹಾಕಿ ಸುಡಾಕ ನಿಂದರ್ತಾರ. ನಮ್ಮ ಸೀಮ್ಯಾಗೂ ಒಂಟಿ ಹೆಣಮಕ್ಕಳಿಗೆ ಇಂಥ ಮಾತು ಅಂದಿದ್ದು ನಾವು ಕೇಳಿಲ್ಲೇನು? ಅಲ್ಲಿಗೆ ಪುಸ್ತಕ ಮುಚ್ಚಿ ಒಂದು ದಿನ ಬಿಟ್ಟೇ ಮತ್ತ ತೆಗದೆ.

ಮಗಳಿಗೆ ಅದೆಲ್ಲ ಹೇಳಿಲ್ಲ. ಆದ್ರ ಐತಾರ ಮುಂಜಾನಿ ಆಕಿ ನೋಡೋ ಹೊತ್ತಿನ್ಯಾಗ ಯಾರೂ ಕಸಬರಿಗಿ ಕೈಯಾಗ ಕೊಡೋಹಂಗಿಲ್ಲ ಅಂತ ಮನ್ಯಾಗ ಹೇಳಿಟ್ಟೀನಿ. ಅತ್ತಿಗಿ ಮೊದ್ಲ ಮಾರಿ ಸಿಂಡರಿಸಿದ್ರು, ಈಗ ಅವರೇ ಚಹಾದ ಕಪ್ಪು ಹಿಡ್ಕೊಂಡು ಬಾಜೂಕ ಬಂದು ಕೂಡ್ತಾರ.

ಇನ್ನ ಖರೇ ತೋಳದ ಮಾತು. ನಮ್ಮ ಕಡಿ ತೋಳ ಅಂದ್ರ ಕಾರ್ಟೂನು ಅಲ್ಲ, ಕುರಿ ಹಟ್ಟಿಯವರ ಲುಕ್ಸಾನು. ಸಿವನಿಯಂಥ ದಟ್ಟ ಕಾಡು ಅದಕ್ಕ ಬೇಕಾಗಿಲ್ಲ, ನಮ್ಮಂಥ ಬಯಲು, ಕುರುಚಲು ಗುಡ್ಡ, ಕುರಿ ಮೇಯೋ ಜಾಗಾ ಸಾಕು. ಈಗ ಮಂದಿ ಎಲ್ಲಾ ಕಡಿ ಬಿತ್ತಿ ಬಯಲು ಕಡಿಮಿ ಆಗಿ ತೋಳಾನೂ ಕಡಿಮಿ ಆಗ್ಯಾವ. ಕೊಪ್ಪಳ ಜಿಲ್ಲಾದ ಗಂಗಾವತಿ ತಾಲ್ಲೂಕಿನ್ಯಾಗ ಬಂಕಾಪುರ ಅಂತ ಅದ, ಅಲ್ಲಿ ತೋಳಗೋಳಿಗಂತನೇ ಒಂದು ಧಾಮ ಮಾಡ್ಯಾರ.

ನಮ್ಮ ಹಿತ್ತಲ ಬಾಜೂಕಿನ ದೊಡ್ಡವ್ವ ಕುರಿ ಮನಿತನದಾಕಿ. ಹೋದ ತಿಂಗಳು ಸಜ್ಜಿ ಹಸನ ಮಾಡ್ಲಿಕ್ಕ ಬಂದಾಗ ಮೊಬೈಲಿನ್ಯಾಗ ಲೂರಿ ಕೂಸಿನ್ನ ಬಾಜೂಕ ಮಲಗಿಸ್ಕೊಂಡಿದ್ದು ತೋರಿಸಿದೆ. ಮರ ಕೆಳಗಿಟ್ಟು, ಕಣ್ಣು ಸಣ್ಣ ಮಾಡಿ ಭಾಳ ಹೊತ್ತು ನೋಡಿದ್ಳು. ಆಮ್ಯಾಲ ಕೇಳಿದ್ಳು: “ಹಾಲು ಕುಡಸ್ತದ, ಚಂದ ಅದ. ಹಾಲು ಬರ್ಲಿಕ್ಕ ಯಾರ ಕುರಿ ತಿಂದು ಬಂದದ, ಅದನ್ನ ಯಾಕ ತೋರಿಸಿಲ್ಲ?”