ಚಕ್ಕಡಿಯ ಸಾಲಿನಿಂದ ಫಟಫಟಿಯ ಸಾಲಿಗೆ

ಕಳೆದ ಶ್ರಾವಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಏಳೆಂಟು ಮಂದಿ ಇಂಡಿಯಿಂದ ಬಸವನ ಬಾಗೇವಾಡಿಯ ಜಾತ್ರೆಗೆ ಮೋಟಾರ್ ಸೈಕಲ್‌ಗಳಲ್ಲಿ ಹೊರಟಿದ್ದರು. ದಾರಿಯಲ್ಲಿ ನಮ್ಮ ಮನೆಗೆ ಬಂದು, "ಸರ್, ಏನಾದರೂ ಹೇಳ್ರಿ" ಎಂದರು. ಅಂದು ಹೇಳದೆ ಉಳಿದ ಮಾತು ಇದು.

1960ರ ದಶಕದ ಕೊನೆಯಲ್ಲಿ ಸಿಂದಗಿ ಸೀಮೆಯ ನಮ್ಮೂರಿನಿಂದ ಅದೇ ಜಾತ್ರೆಗೆ ಚಕ್ಕಡಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಮುಂದಿನ ಚಕ್ಕಡಿಯಲ್ಲಿ ದಾರಿ ಬಲ್ಲ ಹಿರಿಯರು. ಅವರ ಬೆನ್ನಿಗೇ ಬಡಕಲು ಎತ್ತುಗಳ ಚಕ್ಕಡಿ. ಅದರ ನಡಿಗೆಯೇ ಎಲ್ಲರ ನಡಿಗೆ. ಕಡೆಯ ಚಕ್ಕಡಿಗೆ ಕಂದೀಲು ಮತ್ತು ಗಟ್ಟಿಮುಟ್ಟಾದ ಆಳು. ಎರೆಮಣ್ಣಿನಲ್ಲಿ ಒಂದು ಗಾಲಿ ಹೂತರೆ ಸಾಲೆಲ್ಲ ನಿಲ್ಲುತ್ತಿತ್ತು.

ಕಾಲ ಬದಲಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ, 1973ರಿಂದ ಯೆಜ್ಡಿ ಹೊರಬಂದವು. ನಮ್ಮ ಜನ ಅವನ್ನು 'ಫಟಫಟಿ' ಎಂದರು. ನೌಕರಿಗೆ ಸೇರಿದ ಹೊಸತರಲ್ಲಿ ನಾನೂ ಹಳೆಯ ಯೆಜ್ಡಿಯೊಂದನ್ನು ಕೊಂಡೆ.

1986ರಲ್ಲಿ ಮೂವರು ಶಿಕ್ಷಕರು ಮೂರು ವಾಹನಗಳಲ್ಲಿ ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಮದುವೆಗೆ ಹೊರಟೆವು. ಮುಂದಾಳು ನಾನು. ತಲೆ ಬಾಚಿಕೊಳ್ಳಲು ತಿರುಗಿಸಿದ್ದ ಕನ್ನಡಿಯನ್ನು ಸರಿಪಡಿಸಿರಲಿಲ್ಲ. ತಾಳಿಕೋಟೆಯಲ್ಲಿ ಚಹಾ ಕುಡಿಯುವಾಗ ನೋಡಿದರೆ ಇಬ್ಬರೇ ಇದ್ದೆವು. "ಬರುತ್ತಾನೆ ಬಿಡಿ" ಎಂದು ಮತ್ತೂ ಒಂದು ಗಂಟೆ ಕಳೆದೆವು. ಹಿಂತಿರುಗಿ ಹೋದಾಗ ಅವನು ಜಾಲಿಮರದ ನೆರಳಿನಲ್ಲಿ ಕಾಲು ಚಾಚಿ ಕುಳಿತಿದ್ದ. ಹಸಿ ಮಣ್ಣಿನಲ್ಲಿ ಜಾರಿ ಬಿದ್ದು ಹಿಮ್ಮಡ ಮುರಿದಿತ್ತು. ನೀರು ಕೊಟ್ಟವರು ಕುರುಬರು. "ಒಮ್ಮೆಯಾದರೂ ಹೊರಳಿ ನೋಡುತ್ತೀರಿ ಅಂದುಕೊಂಡಿದ್ದೆ" ಎಂದನೇ ಹೊರತು ಬೇರೇನೂ ಅನ್ನಲಿಲ್ಲ. ಇಂದಿಗೂ ಅವನು ತುಸು ಕುಂಟುತ್ತಾನೆ.

ಅಜ್ಜಂದಿರು ಬಲ್ಲ ವಿದ್ಯೆಯನ್ನು ಬಿ.ಎಡ್. ಓದಿದ ನಾನು ಮರೆತಿದ್ದೆ. ನಿಧಾನಿಯನ್ನು ಮುಂದಾಳಿನ ಬೆನ್ನಿಗಿಡಿ, ಅನುಭವಿಯನ್ನು ಕಡೆಗೆ. ಜೋಡಿಯಾಗಿ ಹರಟುತ್ತ ಸಾಗದೆ, ಒಬ್ಬ ಎಡಕ್ಕೆ, ಹಿಂದಿನವ ತುಸು ಬಲಕ್ಕೆ, ಅಂತರವಿಟ್ಟು ಸಾಗಿರಿ. ತಿರುವಿನಲ್ಲಿ ಹಿಂದಿನವನು ಕಾಣುವತನಕ ನಿಲ್ಲಿರಿ. ಊರೊಳಗೆ ಹಾರ್ನ್ ಬೇಡ. ರಸ್ತೆಯಲ್ಲಿ ರಾಶಿ ಹರಡಿದ್ದರೆ, ಕುರಿಹಿಂಡು ಬಂದರೆ ತಾಳಿರಿ. ಕತ್ತಲಾದ ಮೇಲೆ ಇಂಡಿ ಕಡೆ ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳಿರುತ್ತವೆ, ಎಚ್ಚರ.

1988ರ ಮೋಟಾರು ವಾಹನ ಕಾಯ್ದೆ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಆದರೆ ಹಿಂದೆ ಉಳಿದವನಿಗಾಗಿ ಕಾಯುವುದು ಕಾಯ್ದೆಯಿಂದ ಬರುವುದಲ್ಲ, ನಡತೆಯಿಂದ ಬರುವುದು. ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಚಕ್ಕಡಿಯ ಸಾಲೂ ಅಪರೂಪವಾಯಿತು. ಅದರ ರೀತಿಯಾದರೂ ನಿಮ್ಮಲ್ಲಿ ಉಳಿಯಲಿ ಮಕ್ಕಳೇ. ಹೊರಡುವ ಮುನ್ನ ಕನ್ನಡಿ ಸರಿಪಡಿಸಿಕೊಳ್ಳಿರಿ.