ತಾನು ಉರಿಯದು, ಪಕ್ಕದವರನ್ನು ಉರಿಸುವುದು: ಟೆಕ್ಸಾಸ್ ಸಿಟಿಯಿಂದ ಮಣಲಿವರೆಗೆ

ಬೆಂಕಿ ಆರಿಸೋದು ಹೇಗೆ ಅಂತ ಕೇಳಿದ್ರೆ ನಮಗೆಲ್ಲ ಗೊತ್ತಿರೋ ಉಪಾಯ ಒಂದಿದೆ: ಗಾಳಿ ಹೋಗದ ಹಾಗೆ ಮುಚ್ಚಿಬಿಡಿ. ಎಣ್ಣೆ ಬಾಣಲೆಗೆ ಬೆಂಕಿ ಹತ್ತಿದರೆ ತಟ್ಟೆ ಮುಚ್ಚುತ್ತೇವಲ್ಲ, ಹಾಗೆ. 1947ರ ಏಪ್ರಿಲ್ 16ರ ಬೆಳಿಗ್ಗೆ, ಅಮೆರಿಕದ ಟೆಕ್ಸಾಸ್ ಸಿಟಿ ಬಂದರಿನಲ್ಲಿ ಒಬ್ಬ ಹಡಗಿನ ಕ್ಯಾಪ್ಟನ್ ಮಾಡಿಸಿದ್ದೂ ಅದನ್ನೇ. ಅಡುಗೆಮನೆಯಲ್ಲಿ ಸರಿಯಾದ ಉಪಾಯ ಅಲ್ಲಿ ಯಾಕೆ ಕೈಕೊಟ್ಟಿತು? ಇವತ್ತಿನ ಮಾತು ಅದೇ.

ಹಡಗಿನ ಹೆಸರು ಗ್ರಾಂಡ್‌ಕ್ಯಾಂಪ್. ಅದರೊಳಗೆ ಸುಮಾರು 2,300 ಟನ್ ಅಮೋನಿಯಂ ನೈಟ್ರೇಟ್ ಇತ್ತು. ಯುದ್ಧ ಮುಗಿದು ಹಸಿದಿದ್ದ ಯುರೋಪಿಗೆ ಗೊಬ್ಬರ ಬೇಕಿತ್ತು. ಅಮೆರಿಕದ ಮದ್ದುಗುಂಡಿನ ಕಾರ್ಖಾನೆಗಳಲ್ಲೇ ಅದು ತಯಾರಾಗುತ್ತಿತ್ತು. ಹರಳು ಗಟ್ಟಿಕಟ್ಟದಿರಲಿ ಅಂತ ಮೇಲೆ ಮೇಣದ ಲೇಪ. ತುಂಬಿದ್ದು ಕಾಗದದ ಚೀಲಗಳಲ್ಲಿ. ಚೀಲದ ಮೇಲೆ ಗೊಬ್ಬರ ಅಂತ ಮುದ್ರೆ.

ಬೆಳಿಗ್ಗೆ 8ರ ಹೊತ್ತಿಗೆ ಹಡಗಿನ ಒಡಲಿಂದ ಹೊಗೆ ಬಂತು. ನೀರು ಬಿಟ್ಟರೆ ಸರಕು ಹಾಳಾಗುತ್ತೆ ಅಂತ ಬಾಗಿಲು ಮುಚ್ಚಿಸಿ, ಒಳಗೆ ಹಬೆ ಹಾಯಿಸಿದರು. ಬೆಂಕಿ ಆರಲಿಲ್ಲ. ವಿಚಿತ್ರ ಕಿತ್ತಳೆ ಬಣ್ಣದ ಹೊಗೆ ನೋಡೋಕೆ ಜನ ದಡದಲ್ಲಿ ಸೇರಿದರು. 9 ಗಂಟೆ 12 ನಿಮಿಷಕ್ಕೆ ಹಡಗು ಸಿಡಿಯಿತು. ಪಕ್ಕದಲ್ಲಿದ್ದ ಹೈ ಫ್ಲೈಯರ್ ಹಡಗಿಗೂ ಬೆಂಕಿ ಹತ್ತಿ, ಮರುದಿನ ಬೆಳಗಿನ ಜಾವ ಅದೂ ಸಿಡಿಯಿತು. ಸತ್ತವರು ಕನಿಷ್ಠ 581. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ 28 ಜನರಲ್ಲಿ 27 ಜನ ಹೋದರು. ತಾವು ಯಾವ ಥರದ ಬೆಂಕಿಯ ಮುಂದೆ ನಿಂತಿದ್ದೇವೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ಕಾರಣಕ್ಕೆ ಬರೋಣ. ಅಮೋನಿಯಂ ನೈಟ್ರೇಟ್ ಒಂದು ಉತ್ಕರ್ಷಕ. ಅಂದ್ರೆ ಆಮ್ಲಜನಕವನ್ನು ತನ್ನೊಳಗೇ ಕಟ್ಟಿಕೊಂಡು ಬಂದಿರೋ ವಸ್ತು. ಸೀಮೆಎಣ್ಣೆ ಥರ ಅದು ತಾನಾಗಿ ಹೊತ್ತಿ ಉರಿಯಲ್ಲ. ಪಕ್ಕದಲ್ಲಿರೋ ಕಾಗದ, ಮೇಣ, ಮರಕ್ಕೆ ಆಮ್ಲಜನಕ ಉಣಿಸುತ್ತೆ. ಹಾಗಾಗಿ ಹೊರಗಿನ ಗಾಳಿ ನಿಲ್ಲಿಸಿ ಉಪಯೋಗವಿಲ್ಲ. ಮುಚ್ಚಿದ ಬಾಗಿಲು ಶಾಖವನ್ನೂ ಒತ್ತಡವನ್ನೂ ಒಳಗೇ ಹಿಡಿದಿಟ್ಟಿತು, ಹಬೆ ಇನ್ನಷ್ಟು ಬಿಸಿ ಕೊಟ್ಟಿತು.

ಸಂತ್ರಸ್ತರು ಸರ್ಕಾರದ ಮೇಲೆ ಕೇಸು ಹಾಕಿದರು. 1953ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 4-3 ಮತದಲ್ಲಿ ಸರ್ಕಾರ ಹೊಣೆಯಲ್ಲ ಅಂದಿತು. ಪರಿಹಾರಕ್ಕೆ 1955ರಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತು.

ಇಂಥ ವಸ್ತುವನ್ನು ಮೊದಲೇ ಗುರುತಿಸೋದು ಹೇಗೆ? ಒಂಟಿಯಾಗಿ ಪರೀಕ್ಷೆ ಮಾಡಿದರೆ ಅದು ಸಾಧುವಾಗಿ ಕಾಣುತ್ತೆ. ನಮ್ಮ ಫೀಲ್ಡಿನಲ್ಲೂ ಅಷ್ಟೇ ಅಲ್ವಾ, ಒಂದೊಂದೇ ಮಾಡ್ಯೂಲ್ ಟೆಸ್ಟ್ ಪಾಸ್ ಆಗುತ್ತೆ, ಎರಡನ್ನೂ ಜೋಡಿಸಿದಾಗ ಸಿಸ್ಟಮ್ ಬೀಳುತ್ತೆ. ಅಪಾಯಕಾರಿ ಸರಕು ಸಾಗಣೆಗೆ ವಿಶ್ವಸಂಸ್ಥೆ ರೂಪಿಸಿರುವ ಪರೀಕ್ಷೆ ಈ ಮರ್ಮವನ್ನೇ ಹಿಡಿದಿದೆ. ಘನವಸ್ತುವನ್ನು ಒಣ ಸೆಲ್ಯುಲೋಸ್ ಪುಡಿ ಜೊತೆ ಬೆರೆಸ್ತಾರೆ, ಒಂದು ಸಲ ಸಮಸಮ, ಇನ್ನೊಂದು ಸಲ 4ಕ್ಕೆ 1. 30 ಗ್ರಾಂ ಮಿಶ್ರಣವನ್ನು ಪುಟ್ಟ ಗೋಪುರದ ಹಾಗೆ ಸುರಿದು, ಕಾದ ತಂತಿಯಿಂದ ಹೊತ್ತಿಸಿ, ಎಷ್ಟು ಹೊತ್ತು ಉರಿಯಿತು ಅಂತ ಅಳೀತಾರೆ. ಪೊಟ್ಯಾಸಿಯಂ ಬ್ರೋಮೇಟ್ ಬೆರೆಸಿದ ಸೆಲ್ಯುಲೋಸ್ ಎಷ್ಟು ಹೊತ್ತು ಉರಿಯುತ್ತೆ ಅನ್ನೋದೇ ಅಳತೆಗೋಲು. ಬೇಗ ಉರಿದಷ್ಟೂ ಅಪಾಯದ ದರ್ಜೆ ಮೇಲೆ. ಸೆಲ್ಯುಲೋಸ್ ಅಂದ್ರೆ ಏನು? ಕಾಗದ, ಮರ, ಹತ್ತಿಯ ತಿರುಳು. ಟೆಕ್ಸಾಸ್ ಸಿಟಿಯ ಆ ಕಾಗದದ ಚೀಲ ಇಲ್ಲಿ ಪ್ರಯೋಗಾಲಯದ ಮೇಜಿನ ಮೇಲಿದೆ ಅಂತಲೇ ತಿಳ್ಕೊಳ್ಳಿ.

ಅಮೋನಿಯಂ ನೈಟ್ರೇಟಿಗೆ ಇನ್ನೂ ಬಿಗಿಯಾದ ಪ್ರತ್ಯೇಕ ಗೆರೆ ಇದೆ. ಅದರಲ್ಲಿ ಉರಿಯುವ ಅಂಶ 0.2 ಶೇಕಡಾ ಮೀರಿದರೆ, ಅಂದ್ರೆ ಕಿಲೋಗೆ 2 ಗ್ರಾಂ ದಾಟಿದರೆ, ಅದನ್ನು ಬರೀ ಉತ್ಕರ್ಷಕ ಅನ್ನಲ್ಲ, ಸ್ಫೋಟಕದ ಸಾಲಿಗೇ ಸೇರಿಸ್ತಾರೆ.

ಆದರೆ ಚೀಟಿ ಅಂಟಿಸಿ ಮರೆತರೆ ಪರೀಕ್ಷೆಯಿಂದ ಏನು ಲಾಭ? ಬೈರೂತ್ ಬಂದರಿನ ಗೋದಾಮಿನಲ್ಲಿ 2,750 ಟನ್ ವರ್ಷಗಟ್ಟಲೆ ಬಿದ್ದಿತ್ತು. ಅದು ಏನು ಅಂತ ಅಲ್ಲಿನ ಅಧಿಕಾರಿಗಳಿಗೆ ಗೊತ್ತಿತ್ತು. 2020ರ ಆಗಸ್ಟ್ 4ರಂದು ಅದು ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. ಆ ಸುದ್ದಿ ಬಂದ ಮೇಲೆ ಚೆನ್ನೈ ಜನಕ್ಕೆ ತಮ್ಮ ಮಣಲಿಯ ಕಂಟೇನರ್ ನಿಲ್ದಾಣ ನೆನಪಾಯಿತು. ಕಸ್ಟಮ್ಸ್‌ನವರು 2015ರಲ್ಲಿ ವಶಪಡಿಸಿಕೊಂಡಿದ್ದ ಸುಮಾರು 700 ಟನ್ ಅಮೋನಿಯಂ ನೈಟ್ರೇಟ್ ಅಲ್ಲೇ ಇತ್ತು. ಅದೇ ತಿಂಗಳು ಕಂಟೇನರ್‌ಗಳು ರಸ್ತೆ ಮೂಲಕ ಹೈದರಾಬಾದಿಗೆ ಹೊರಟವು. ನಮ್ಮಲ್ಲಿ 2012ರಿಂದಲೇ ಇದಕ್ಕೆ ಪ್ರತ್ಯೇಕ ನಿಯಮಾವಳಿ ಇದೆ, ನಾಗಪುರದಲ್ಲಿ ಕೇಂದ್ರ ಕಚೇರಿ ಇರೋ ಪೆಸೊ ಅದರ ಉಸ್ತುವಾರಿ. ಐದು ವರ್ಷ ಕದಲದ ಸರಕು ಕದಲಿದ್ದು ಮಾತ್ರ ಇನ್ನೊಂದು ದೇಶದಲ್ಲಿ ಹೆಣ ಬಿದ್ದ ಮೇಲೆ.

ಹೆದ್ದಾರಿಯಲ್ಲಿ ಹೋಗುವಾಗ ಲಾರಿ ಹಿಂದೆ ಹಳದಿ ಚೌಕ, ಅದರಲ್ಲಿ ವೃತ್ತದ ಮೇಲೆ ಜ್ವಾಲೆ, ಕೆಳಗೆ 5.1 ಅಂತ ಕಂಡರೆ ಅದೇ ಉತ್ಕರ್ಷಕದ ಗುರುತು. ಆ ಲಾರಿಗೆ ಬೆಂಕಿ ಹತ್ತಿದ್ದು ಕಂಡರೆ ಮೊಬೈಲ್ ಹಿಡಿದು ಹತ್ತಿರ ಹೋಗಬೇಡಿ. ದೂರ ಸರಿಯಿರಿ, ಸುತ್ತಲಿನವರನ್ನೂ ಸರಿಸಿ, 112ಕ್ಕೆ ಕರೆ ಮಾಡಿ ಆ ಗುರುತು ಏನಂತ ಹೇಳಿ. ಟೆಕ್ಸಾಸ್ ಸಿಟಿಯ ಆ 27 ಜನಕ್ಕೆ ಸಿಗದೇ ಹೋದದ್ದು ಅಷ್ಟೇ ಮಾಹಿತಿ.