ಹೊರೆ ಇಳಿಸಿ ಮಲಗಲು ಒಂದು ಜಗಲಿ

ಬೆನ್ನಿಗೆ ಚೀಲ ಏರಿಸಿ, ಕೈಯಲ್ಲಿ ಅಷ್ಟಿಷ್ಟು ಕಾಸಿಟ್ಟುಕೊಂಡು, ಸಾಲು ಮಂಚದ ಹಾಸ್ಟೆಲ್‌ಗಳಲ್ಲಿ ರಾತ್ರಿ ಕಳೆಯುತ್ತಾ ಊರೂರು ಸುತ್ತುವವರು ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಬಾಲಿ, ಶ್ರೀಲಂಕಾದಂಥ ದ್ವೀಪಗಳು. ಹತ್ತಿರದ್ದೆಂದರೆ ಗೋವೆ, ಗೋಕರ್ಣ, ಹಂಪಿಯ ಎದುರು ದಡದ ವಿರುಪಾಪುರಗಡ್ಡೆ. ಇದೆಲ್ಲ ಹಿಪ್ಪಿಗಳು ತಂದ ರೂಢಿ, ನಮ್ಮ ನೆಲದ್ದಲ್ಲ ಎಂಬ ಮಾತು ಬಹಳ ಕೇಳಿಬರುತ್ತದೆ. ಮೈಸೂರು ಜಿಲ್ಲೆಯ ಪಶ್ಚಿಮಕ್ಕಿರುವ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹಾದಿಗಳ ಚರಿತ್ರೆಯ ಮುಂದೆ ಈ ಮಾತು ನಿಲ್ಲುವುದಿಲ್ಲ. ದುಡ್ಡಿಲ್ಲದೆ ನಡೆದು ಬಂದವನಿಗೂ ರಾತ್ರಿ ತಂಗಲು ಒಂದು ನೆರಳು ಬೇಕು, ಅದನ್ನು ಒದಗಿಸುವುದು ಅರಸನ ಅಥವಾ ಊರಿನ ಹೊಣೆ ಎಂಬ ವ್ಯವಸ್ಥೆ ಇಲ್ಲಿ ತಲೆಮಾರುಗಳ ಕಾಲ ಇತ್ತು. ಅದು ಕಣ್ಮರೆಯಾದದ್ದು ಜನರಿಗೆ ಬೇಡವಾದ್ದರಿಂದಲ್ಲ, ಅದರ ಆದಾಯದ ಬೇರು ಕಡಿದದ್ದರಿಂದ ಎಂಬುದು ನನ್ನ ವಾದ.

ಮೊದಲು ಹಾದಿಯನ್ನೇ ನೋಡೋಣ. ಮೈಸೂರಿನಿಂದ ಕೊಡಗಿಗೆ ಹೋಗುವ ದಾರಿಯಲ್ಲಿ ಇಲವಾಲ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಅಲ್ಲಿಂದ ಕಾವೇರಿ ದಾಟಿದರೆ ಕುಶಾಲನಗರ. ಮೈಸೂರಿನಿಂದ ಹುಣಸೂರಿಗೆ 45 ಕಿಲೋಮೀಟರ್ ಆಸುಪಾಸು, ನಡುವೆ ಬಿಳಿಕೆರೆ; ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ, ಅಲ್ಲಿಂದ ಕಾವೇರಿ ದಡಕ್ಕೆ ತಲಾ ಇಪ್ಪತ್ತು ಚಿಲ್ಲರೆ. ಎತ್ತಿನ ಗಾಡಿಯಾಗಲಿ ತಲೆಹೊರೆಯವನಾಗಲಿ ಒಂದು ಹಗಲಲ್ಲಿ ಸವೆಸಬಲ್ಲ ದಾರಿಯೂ ಸರಿಸುಮಾರು ಅಷ್ಟೇ. ಕೋಟೆ, ನದಿ, ಸಂತೆಗಳ ಜೊತೆಗೆ ನಡೆಯುವವನ ಕಾಲಿನ ಅಳತೆಯೂ ಈ ಊರುಗಳನ್ನು ಬೆಳೆಸಿತು ಎಂದು ಹೇಳಲು ಇಷ್ಟು ಸಾಕು. ಹುಣಸೂರಿನಲ್ಲಿ ದಾರಿ ಕವಲೊಡೆಯುತ್ತದೆ: ಒಂದು ಪಿರಿಯಾಪಟ್ಟಣದ ಕಡೆಗೆ, ಇನ್ನೊಂದು ಆನೆಚೌಕೂರಿನ ಕಾಡು ಹಾಯ್ದು ವಿರಾಜಪೇಟೆ, ಕಣ್ಣೂರಿನ ಕಡೆಗೆ. ದಕ್ಷಿಣದಲ್ಲಿ ಎಚ್.ಡಿ. ಕೋಟೆ, ಅಂತರಸಂತೆ, ಬಾವಲಿ ಮೂಲಕ ವಯನಾಡಿಗೆ ಮತ್ತೊಂದು ಹಾದಿ. ಬಯಲುಸೀಮೆಯ ಧಾನ್ಯ ಘಟ್ಟ ಇಳಿದದ್ದೂ ಕರಾವಳಿಯ ಉಪ್ಪು ಘಟ್ಟ ಹತ್ತಿದ್ದೂ ಇಂಥ ದಾರಿಗಳಲ್ಲೇ.

ಆ ಹಾದಿಗಳಲ್ಲಿ ರಾತ್ರಿ ಬಯಲಲ್ಲಿ ಮಲಗುವುದು ಹುಡುಗಾಟವಾಗಿರಲಿಲ್ಲ. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೇನೆ ಕೊಡಗಿನ ಮೂಲಕ ಪಿರಿಯಾಪಟ್ಟಣಕ್ಕೆ ಇಳಿದಿತ್ತು. 1799ರ ಮಾರ್ಚ್‌ನಲ್ಲಿ ಅದೇ ಸೀಮೆಯಲ್ಲಿ ಟಿಪ್ಪುವಿನ ಪಡೆಗೂ ಕಂಪನಿಯ ಪಡೆಗೂ ಕಾಳಗ ನಡೆಯಿತು. ಮರುವರ್ಷ, 1800ರಲ್ಲಿ, ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಕಂಡ ಪಿರಿಯಾಪಟ್ಟಣದ ಕೋಟೆ ಪಾಳುಬಿದ್ದಿತ್ತು. ಹುಲಿಗಳು ಅದನ್ನು ಆಕ್ರಮಿಸಿಕೊಂಡಿದ್ದವು, ಒಬ್ಬೊಂಟಿಯಾಗಿ ಹಗಲಲ್ಲೂ ಒಳಗೆ ಕಾಲಿಡಲು ಜನ ಹೆದರುತ್ತಿದ್ದರು ಎಂದು ಆತ ಬರೆದಿಟ್ಟಿದ್ದಾನೆ. ಚೆಂಗಾಳ್ವ ಅರಸರ ಕಾಲದಿಂದ ಹೆಸರಾಗಿದ್ದ ಊರಿನ ಗತಿ ಅದು. ಬುಕಾನನ್ ಕಂಪನಿ ಸರ್ಕಾರದ ಕೆಲಸದ ಮೇಲೆ ಬಂದವನು, ಅವನಿಗೆ ಡೇರೆಯಿತ್ತು, ಪರಿವಾರವಿತ್ತು. ಬರಿಗಾಲಲ್ಲಿ ಬರುವವನಿಗೆ ಇದ್ದದ್ದು ಊರ ಬಾಗಿಲಿನ ಮಂಟಪ, ಗುಂಡುತೋಪು, ಅರವಟ್ಟಿಗೆ, ಛತ್ರದ ಜಗಲಿ.

ಹಳೆಯ ಹಾದಿಗಳ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದ ಎರಡು ಕಲ್ಲುಗಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ ಕಾಣಸಿಗುತ್ತದೆ. ದೇವರಿಲ್ಲ, ಶಾಸನವಿಲ್ಲ, ಕೆತ್ತನೆಯಿಲ್ಲ. ಚಪ್ಪಡಿಯ ಎತ್ತರ ಹೊರೆ ಹೊತ್ತವನ ತಲೆಯ ಮಟ್ಟಕ್ಕಿರುತ್ತದೆ. ಅವನು ಬಗ್ಗಬೇಕಿಲ್ಲ, ಇನ್ನೊಬ್ಬರ ಕೈ ಕಾಯಬೇಕಿಲ್ಲ. ನಿಂತ ಹಾಗೆಯೇ ಮೂಟೆಯನ್ನು ಚಪ್ಪಡಿಗೆ ಸರಿಸಿ, ಸಿಂಬಿ ತೆಗೆದು ಬೆವರು ಒರೆಸಿಕೊಂಡು, ದಣಿವಾರಿದ ಮೇಲೆ ಮತ್ತೆ ತಲೆಗೇರಿಸಿಕೊಂಡು ಹೊರಡಬಹುದು. ಒಂಟಿಯಾಗಿ ದಾರಿ ನಡೆಯುವವನ ಕಷ್ಟವನ್ನು ಇಷ್ಟು ಸೂಕ್ಷ್ಮವಾಗಿ ಯೋಚಿಸಿ ಕಲ್ಲು ನಿಲ್ಲಿಸಿದ ಸಮಾಜಕ್ಕೆ ಬಡ ಪ್ರಯಾಣಿಕ ಅಪರಿಚಿತನಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥವರ ಸಂಖ್ಯೆ ಹೆಚ್ಚಿತು. ಹುಣಸೂರಿನಲ್ಲಿ ಅಮೃತಮಹಲ್ ದನಗಳ ಠಾಣ್ಯ, ಸೇನೆಗೆ ಚರ್ಮ, ಕಂಬಳಿ ಒದಗಿಸುವ ಕಾರ್ಖಾನೆಗಳು, ಆಮೇಲೆ ಕೊಡಗಿನ ಕಾಫಿ ಹಸನುಮಾಡುವ ಘಟಕಗಳು ಬಂದವು. 1854ರ ಹೊತ್ತಿಗೆ ಮಡಿಕೇರಿ ಬಳಿ ಯುರೋಪಿಯನ್ನರ ಕಾಫಿ ತೋಟ ಶುರುವಾದ ಮೇಲೆ ಮೈಸೂರು ಸೀಮೆಯ ಕೂಲಿ ಜನ ಮೇಸ್ತ್ರಿಯ ಮುಂಗಡ ಪಡೆದು, ಪಾತ್ರೆ, ಕಂಬಳಿ, ಮಕ್ಕಳ ಸಮೇತ ಇದೇ ದಾರಿಯಲ್ಲಿ ಕೊಡಗಿಗೆ ನಡೆದರು. ಪ್ರವಾಸ ಕಥನಗಳು ಇವರನ್ನು ಪ್ರವಾಸಿಗಳೆಂದು ಎಣಿಸಲೇ ಇಲ್ಲ.

ಛತ್ರ ಬರೀ ದಾನಿಯ ಒಳ್ಳೆಯತನದಿಂದ ನಡೆಯುತ್ತಿರಲಿಲ್ಲ, ಅದರ ಹಿಂದೆ ಲೆಕ್ಕವಿತ್ತು. ಅರಸನೋ, ಅಧಿಕಾರಿಯೋ, ಶೆಟ್ಟರೋ ಕಟ್ಟಡ ಕಟ್ಟಿಸಿ, ಅದರ ಖರ್ಚಿಗೆ ಒಂದು ಹಳ್ಳಿಯ ಹುಟ್ಟುವಳಿಯನ್ನೋ ಕೆರೆ ಕೆಳಗಿನ ಗದ್ದೆಯನ್ನೋ ಇನಾಮು ಬಿಡುತ್ತಿದ್ದರು. ಆ ಗದ್ದೆಯ ಭತ್ತ ಛತ್ರದ ಅನ್ನವಾಗುತ್ತಿತ್ತು, ಗುತ್ತಿಗೆಯ ಹಣ ದೀಪದೆಣ್ಣೆಗೆ, ಪಾರುಪತ್ತೇಗಾರನ ಸಂಬಳಕ್ಕೆ ಹೋಗುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಇಂಥ ಛತ್ರಗಳು ದೇವಸ್ಥಾನಗಳ ಜೊತೆಗೆ ಮುಜರಾಯಿ ಇಲಾಖೆಯ ಲೆಕ್ಕಕ್ಕೆ ಸೇರಿದವು. ಅಂದರೆ ಪ್ರಯಾಣಿಕನ ರಾತ್ರಿಗೆ ಸರ್ಕಾರದ ಪುಸ್ತಕದಲ್ಲಿ ಒಂದು ಬಾಬು ಇತ್ತು. ಇದೇ ಮುಖ್ಯ. ಕನಿಕರಕ್ಕೆ ಬಜೆಟ್ ಇಲ್ಲದಿದ್ದರೆ ಅದು ಒಂದು ತಲೆಮಾರು ದಾಟುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಲೇಬೇಕು, ಅದು ನ್ಯಾಯವಾದದ್ದು. ಛತ್ರ ಎಲ್ಲರಿಗೂ ಬಾಗಿಲು ತೆರೆದಿತ್ತೇ? ಇರಲಿಲ್ಲ. ಎಷ್ಟೋ ಛತ್ರಗಳ ಒಳಗಿನ ಪಂಕ್ತಿ ಬ್ರಾಹ್ಮಣರಿಗಷ್ಟೇ. ಮಿಕ್ಕ ಜಾತಿಯವರಿಗೆ ಹೊರಜಗಲಿ, ಮೂರು ಕಲ್ಲಿನ ಒಲೆ. ಅಸ್ಪೃಶ್ಯರೆಂದು ದೂರವಿಟ್ಟವರಿಗೆ ಜಗಲಿಯೂ ಇಲ್ಲ, ಬಾವಿಯೂ ಇಲ್ಲ. ಕೊಡಗಿನ ತೋಟಕ್ಕೆ ನಡೆದ ಕೂಲಿಗಳಲ್ಲಿ ಹಲವರು ಈ ಕೊನೆಯ ಗುಂಪಿನವರೇ ಆಗಿದ್ದರಿಂದ, ಎಲ್ಲರಿಗಿಂತ ಹೆಚ್ಚು ನಡೆದವರಿಗೇ ಎಲ್ಲರಿಗಿಂತ ಕಡಿಮೆ ನೆರಳು ಸಿಕ್ಕಿತು. ಹಳೆಯ ಛತ್ರವನ್ನು ಹೊಗಳುವಾಗ ಇದನ್ನು ಮುಚ್ಚಿಡುವುದು ಅಪಚಾರ. ಆದರೆ ಈ ಆಕ್ಷೇಪದಿಂದ ಛತ್ರ ಹೋದದ್ದೇ ಒಳ್ಳೆಯದಾಯಿತು ಎಂಬ ತೀರ್ಮಾನಕ್ಕೆ ಹಾರಲಾಗದು. ಸಂವಿಧಾನದ 15ನೆಯ ವಿಧಿ ಹೋಟೆಲು, ಬಾವಿ, ಕೆರೆಗಳಲ್ಲಿ ಜಾತಿಯ ತಡೆ ತೆಗೆಯಿತು. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯಿದೆ ಧರ್ಮಶಾಲೆ, ಮುಸಾಫಿರಖಾನೆಗಳನ್ನು ಹೆಸರಿಸಿಯೇ ಅಲ್ಲಿನ ತಾರತಮ್ಯವನ್ನು ಅಪರಾಧವೆಂದಿತು. ಅದೇ 1955ರಲ್ಲಿ ಮೈಸೂರು ರಾಜ್ಯ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯಾತಿ ಕಾಯಿದೆ ತಂದಿತು. ಉಳುವ ಒಕ್ಕಲಿಗೆ ಭೂಮಿ ಸಿಗಬೇಕೆಂಬ ಆ ಕಾಯಿದೆಯ ಉದ್ದೇಶ ಸರಿಯಾದದ್ದೇ. ಆದರೆ ಗದ್ದೆ ಹೋದ ಸಂಸ್ಥೆಗಳಿಗೆ ಬದಲಿಗೆ ಸಿಕ್ಕದ್ದು ನಿಗದಿಯಾದ ನಗದು. ಭತ್ತದ ಬೆಲೆ ಏರಿದಂತೆ ಅದು ಏರಲಿಲ್ಲ. ದಲಿತ ಪ್ರಯಾಣಿಕನಿಗೆ ಕಾನೂನು ಛತ್ರದ ಬಾಗಿಲು ತೆರೆಸಿದ ವರ್ಷವೇ ಆ ಛತ್ರದ ಅಡುಗೆಮನೆ ಆರಿಹೋಗುವ ದಾರಿಯೂ ತೆರೆಯಿತು. ಈ ಚರಿತ್ರೆಯಲ್ಲಿ ನನ್ನನ್ನು ಅತಿ ಹೆಚ್ಚು ನೋಯಿಸುವ ಸಂಗತಿ ಇದು. ಆಮೇಲೆ ರಾಜ್ಯದ ಎಷ್ಟೋ ಛತ್ರಗಳು ಮದುವೆ, ಮೇಳಗಳ ಜಾಗಗಳಾದವು. ಮೈಸೂರಿನ ನಂಜರಾಜ ಬಹದ್ದೂರ್ ಛತ್ರ ಇಂದು ಹೆಚ್ಚಾಗಿ ಸುದ್ದಿಯಾಗುವುದು ಅಲ್ಲಿ ನಡೆಯುವ ಮೇಳಗಳಿಂದ.

ಬಸ್ಸು, ರೈಲು ಬಂದ ಮೇಲೆ ತಂಗುವ ಅಗತ್ಯವೇ ತೀರಿತು ಎಂದು ಕೆಲವರು ಹೇಳಬಹುದು. ಅರ್ಧ ಒಪ್ಪುತ್ತೇನೆ. ಮೈಸೂರು–ಅರಸೀಕೆರೆ ರೈಲು ಯಡತೊರೆ ಸೀಮೆಯನ್ನು ಹಾಯ್ದಿತು. ಕಾವೇರಿ ಪ್ರವಾಹದ ಭಯದಿಂದ ಯಡತೊರೆ ಬಿಟ್ಟು ಕಟ್ಟಿದ ಹೊಸ ಊರು ಕೃಷ್ಣರಾಜನಗರಕ್ಕೆ ಆ ರೈಲಿನ ಬಲವಿತ್ತು. ಇಂದು ಹುಣಸೂರಿನಿಂದ ಮೈಸೂರಿಗೆ ಒಂದು ಗಂಟೆಯ ಬಸ್ ದಾರಿ. ಆದರೆ ಎಲ್ಲ ಪ್ರಯಾಣವೂ ಸಂಜೆ ಮನೆಗೆ ಮರಳುವಂಥದ್ದಲ್ಲ. ಕೆ.ಆರ್. ನಗರದ ಕಡೆಯ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿನ ದನಗಳ ಜಾತ್ರೆಯನ್ನು ನೋಡಿ. ಹಳ್ಳಿಕಾರ್ ಜೋಡಿ ಹಿಡಿದು ಬಂದ ರೈತ ವ್ಯಾಪಾರ ಕುದುರುವವರೆಗೂ ದಿನಗಟ್ಟಲೆ ಅಲ್ಲೇ ಇರಬೇಕು. ಹುಲ್ಲು ಹಾಸಿ ಗಾಡಿಯ ಕೆಳಗೋ ಪೆಂಡಾಲಿನಲ್ಲೋ ಮಲಗುತ್ತಾನೆ, ಮೂರು ಕಲ್ಲಿಟ್ಟು ಮುದ್ದೆ ತಿರುವುತ್ತಾನೆ, ಜನವರಿಯ ಚಳಿಗೆ ದನದ ಮೈಗೆ ಗೋಣಿ ಹೊದಿಸಿ ತಾನು ಕಂಬಳಿಯೊಳಗೆ ಮುದುರುತ್ತಾನೆ. ಅವನ ಅಗತ್ಯ ತೀರಿಲ್ಲ. ಅದನ್ನು ಯಾರೂ ತಮ್ಮ ಹೊಣೆ ಎನ್ನುವುದಿಲ್ಲ, ಅಷ್ಟೇ.

ಛತ್ರ ಸೊರಗುವ ಬಹಳ ಮೊದಲೇ ಇನ್ನೊಂದು ಬಗೆಯ ತಂಗುದಾಣ ಬೆಳೆಯತೊಡಗಿತ್ತು. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿ ಗಾಡಿ ರಸ್ತೆಗಳಾದವು, ರಸ್ತೆಯ ಜೊತೆಗೆ ಮುಸಾಫಿರ್ ಬಂಗಲೆಗಳು, ಕಾಡಿನೊಳಗೆ ಅರಣ್ಯ ಇಲಾಖೆಯ ಬಂಗಲೆಗಳು ಬಂದವು. ಸವಾರಿ ಬಂದ ಸಾಹೇಬರಿಗೆಂದು ಕಟ್ಟಿದ ಕೋಣೆಗಳವು. ಇಂದಿನ ಪ್ರವಾಸಿ ಮಂದಿರಗಳಲ್ಲೂ ಮೊದಲ ಮಣೆ ಅಧಿಕಾರಿಗಳಿಗೆ, ಮಂತ್ರಿಗಳಿಗೆ. ಎಚ್.ಡಿ. ಕೋಟೆಯಲ್ಲಿ ಈ ಧಾರೆ ಇನ್ನೂ ಸ್ಪಷ್ಟ. ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಖೆಡ್ಡಾಗಳಿಗೆ ವೈಸರಾಯ್‌ಗಳೂ ರಾಜಕುಮಾರರೂ ಬಂದರು, ಅವರಿಗಾಗಿ ಕಾರಾಪುರದಲ್ಲಿ ಬಿಡಾರಗಳಾದವು. ಆನೆಗಳನ್ನು ಹೊಳೆಗೆ ಅಟ್ಟಿದವರಲ್ಲಿ ಕಾಡಿನ ಜೇನುಕುರುಬರು, ಕಾಡುಕುರುಬರೂ ಇದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದು, ಪುನ್ನಾಟ ಅರಸರ ರಾಜಧಾನಿಯಾಗಿದ್ದ ಕಿತ್ತೂರೂ ಸೇರಿ ಎಷ್ಟೋ ಊರುಗಳು ನೀರಿನಡಿ ಹೋದವು. 1980ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಕಾರಾಪುರದ ಹಳೆಯ ಬಂಗಲೆಗಳಲ್ಲೇ ಕಬಿನಿ ಲಾಡ್ಜ್ ತೆರೆಯಿತು, ಸುತ್ತ ಖಾಸಗಿ ರೆಸಾರ್ಟ್‌ಗಳು ಬಂದವು. ನಾಗರಹೊಳೆಯ ಮೂರ್ಕಲ್‌ನಲ್ಲಿ ಕಾಡಿನೊಳಗೇ ಹೋಟೆಲ್ ತೆರೆಯುವ ಯತ್ನವನ್ನು ಆದಿವಾಸಿಗಳ ಹೋರಾಟ ಹೈಕೋರ್ಟ್‌ವರೆಗೆ ಒಯ್ದು 1997ರಲ್ಲಿ ತಡೆಯಿತು. ಆದರೂ ಒಟ್ಟು ಫಲ ಕಣ್ಣೆದುರಿಗಿದೆ: ಹಳೆಯ ಛತ್ರ ಜಾತಿ ಕೇಳಿ ಹೊರಗಿಡುತ್ತಿತ್ತು, ಹೊಸ ತಂಗುದಾಣ ದರಪಟ್ಟಿ ತೋರಿಸಿ ಹೊರಗಿಡುತ್ತದೆ. ಎರಡರಲ್ಲೂ ಜಾಗವಿಲ್ಲದವರು ಬಹುಪಾಲು ಒಂದೇ ಜನ.

ಮೂರನೆಯ ದಾರಿಯೊಂದು ನಮ್ಮಲ್ಲೇ ಇತ್ತು. ಬೆಂಗಳೂರು ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಧರ್ಮಛತ್ರ 1903ರಲ್ಲಿ ತೆರೆಯಿತು. ಅವರ ದತ್ತಿ ಪ್ರಯಾಣಿಕರಿಗೆ ಛತ್ರವನ್ನೂ ಬಡ ವಿದ್ಯಾರ್ಥಿಗಳಿಗೆ ಹಾಸ್ಟೆಲನ್ನೂ ನಡೆಸಿತು. ಜರ್ಮನಿಯಲ್ಲಿ ರಿಚರ್ಡ್ ಶಿರ್ಮನ್ ಎಂಬ ಶಾಲಾ ಮೇಷ್ಟ್ರು ಆಲ್ಟೆನಾ ಕೋಟೆಯಲ್ಲಿ ಮೊದಲ ಯೂತ್ ಹಾಸ್ಟೆಲ್ ಶುರುಮಾಡಿದ್ದು 1912ರಲ್ಲಿ. ಆ ಚಳವಳಿಗೆ 1949ರಲ್ಲಿ ನಮ್ಮ ಮೈಸೂರಿನಲ್ಲಿ ನೆಲೆ ಕೊಟ್ಟವರು ಸ್ಕೌಟ್ ಮುಂದಾಳು, ಶಿಕ್ಷಕರ ತರಬೇತಿ ಕಾಲೇಜಿನ ಡಿ. ರಂಗಯ್ಯನವರು. ಸಾಲು ಮಂಚ, ಎಲ್ಲ ಜಾತಿಗೂ ಒಂದೇ ನಿಯಮ, ವಿದ್ಯಾರ್ಥಿಯ ಕೈಗೆಟುಕುವ ಬಾಡಿಗೆ: ಛತ್ರದ ಗುಣ ಉಳಿಸಿಕೊಂಡು ದೋಷ ಕಳೆದ ರೂಪ ಅದು. ನಡೆದು ನೋಡಲು ಇಷ್ಟೊಂದು ಇರುವ ಈ ನಾಲ್ಕು ತಾಲ್ಲೂಕುಗಳಿಗೆ ಅದು ಮೈಸೂರಿನಿಂದ ಹಬ್ಬಬೇಕಿತ್ತು, ಹಬ್ಬಲಿಲ್ಲ.

ಅಗ್ಗದ ಪ್ರವಾಸಿಗಳನ್ನು ಕರೆದರೆ ಊರು ಕೆಡುತ್ತದೆ ಎನ್ನುವವರು ವಿರುಪಾಪುರಗಡ್ಡೆಯನ್ನು ತೋರಿಸುತ್ತಾರೆ. ತುಂಗಭದ್ರೆಯ ನಡುವಿನ ಆ ಗಡ್ಡೆಯ ಗುಡಿಸಲು ಹೋಟೆಲುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಕೆಡವಿದರು. ಆದರೆ ಅಲ್ಲಿನ ತಪ್ಪು ಸಂರಕ್ಷಿತ ಪ್ರದೇಶದಲ್ಲಿ ಪರವಾನಗಿಯಿಲ್ಲದೆ ಕಟ್ಟಿದ್ದು. ಬಾಡಿಗೆ ಅಗ್ಗವಾಗಿತ್ತೆಂಬುದು ತಪ್ಪಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯೇ ಬೇರೆ ಉದಾಹರಣೆ ಕೊಡುತ್ತದೆ. 1961ರಲ್ಲಿ ಮೈಸೂರು ಸರ್ಕಾರ ಕೊಟ್ಟ ಕಾಡುನೆಲದಲ್ಲಿ ಡೇರೆ ಹಾಕಿ ಬದುಕು ಶುರುಮಾಡಿದ ಟಿಬೆಟನ್ನರು ಇಂದು ತಮ್ಮ ವಿಹಾರಗಳ ಅತಿಥಿಗೃಹಗಳಲ್ಲಿ ದೂರದ ಯಾತ್ರಿಕರನ್ನು ಇಳಿಸಿಕೊಳ್ಳುತ್ತಾರೆ. ವಿದೇಶಿಯರು ಅಲ್ಲಿ ರಾತ್ರಿ ತಂಗಬೇಕಾದರೆ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು, ಇಲ್ಲದವರು ಹೊಳೆ ದಾಟಿ ಕುಶಾಲನಗರಕ್ಕೆ ಹೋಗಬೇಕು. ಇಷ್ಟು ಕಟ್ಟುಪಾಡಿನ ನಡುವೆಯೂ ನಿರಾಶ್ರಿತರಾಗಿ ಬಂದವರು ಆಶ್ರಯ ಕೊಡಬಲ್ಲರಾದರೆ, ಈ ನೆಲದ ಸಂಸ್ಥೆಗಳಿಗೆ ಅದು ಆಗದ ಕೆಲಸವೇನಲ್ಲ.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಪಂಚಾಯಿತಿ, ಪುರಸಭೆ, ನಗರಸಭೆಗಳ ಸದಸ್ಯರಲ್ಲಿ, ಮುಜರಾಯಿ ಮತ್ತು ಪ್ರವಾಸೋದ್ಯಮ ಇಲಾಖೆಯವರಲ್ಲಿ ಒಂದು ಕೋರಿಕೆ. ಉಳಿದಿರುವ ಛತ್ರ, ಮಂಟಪ, ಗುಂಡುತೋಪು, ಹೊರೆ ಇಳಿಸುವ ಕಲ್ಲುಗಳನ್ನು ರಸ್ತೆ ಅಗಲ ಮಾಡುವ ಮೊದಲು ಪಟ್ಟಿಮಾಡಿ. ಹುಣಸೂರಿನಲ್ಲಿ ಒಂದು, ಚುಂಚನಕಟ್ಟೆಯಲ್ಲಿ ಒಂದು, ಎಚ್.ಡಿ. ಕೋಟೆಯಲ್ಲಿ ಕಾಡಿನ ಹೊರಗೆ ಒಂದು ಸಾಲು ಮಂಚದ ತಂಗುಮನೆ ಕಟ್ಟಿ, ಕೂಲಿಕಾರನಿಗೂ ಕಾಲೇಜು ಹುಡುಗಿಗೂ ಕೊಡಲಾಗುವ ಬಾಡಿಗೆ ಇಡಿ. ಅದರ ಖರ್ಚಿಗೆ ಪ್ರತಿವರ್ಷದ ಬಜೆಟ್ಟಿನಲ್ಲಿ ಬೆಲೆ ಏರಿದಂತೆ ಏರುವ ಒಂದು ಬಾಬು ತೆರೆಯಿರಿ.